ಚೀನಾದ ಗಂಡಸರ ನಿಲುವಂಗಿ: ಚಾಂಗ್‌ಶಾನಿನ ಕಟ್ಟು ಮತ್ತು ಚರಿತ್ರೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೆಸರಿನಿಂದಲೇ ಶುರುಮಾಡೋಣ, ಈ ಉಡುಪಿನ ಬಗ್ಗೆ ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಇಂಗ್ಲಿಷಿನಲ್ಲಿ ‘ಚೊಂಗ್‌ಸಾಮ್’ ಅಂದರೆ ಮೈಗೆ ಅಂಟಿದಂತಿರುವ, ಪಕ್ಕದಲ್ಲಿ ಸೀಳಿರುವ ಹೆಂಗಸರ ಉಡುಪು. ಆ ಪದ ಕ್ಯಾಂಟನೀಸ್ ಮಾತಿನದು. ಅಲ್ಲಿ ಅದರ ಅರ್ಥ ‘ಉದ್ದ ಅಂಗಿ’ ಅಷ್ಟೆ, ತೊಡುವವರು ಗಂಡಸೋ ಹೆಂಗಸೋ ಎಂಬ ಸುಳಿವು ಪದದೊಳಗಿಲ್ಲ. ಅದೇ ಪದವನ್ನು ಮ್ಯಾಂಡರಿನ್‌ನಲ್ಲಿ ಉಚ್ಚರಿಸಿದರೆ ‘ಚಾಂಗ್‌ಶಾನ್’. ಇವತ್ತಿನ ಮಾತು ಈ ಗಂಡಸರ ನಿಲುವಂಗಿಯ ಬಗ್ಗೆ.

ಚೀನೀಯರು ಇದಕ್ಕೆ ಎರಡು ಹೆಸರು ಹೇಳುತ್ತಾರೆ. ‘ಶಾನ್’ ಅಂದರೆ ಅಸ್ತರವಿಲ್ಲದ ಒಂಟಿ ಪದರದ ಅಂಗಿ. ‘ಪಾವ್’ ಅಂದರೆ ಅಸ್ತರ ಇರುವುದು ಅಥವಾ ಒಳಗೆ ಏನಾದರೂ ತುಂಬಿರುವುದು. ಹಾಗಾಗಿ ಬೇಸಿಗೆಯಲ್ಲಿ ತೊಟ್ಟರೆ ಚಾಂಗ್‌ಶಾನ್, ಚಳಿಗೆ ತೊಟ್ಟರೆ ಚಾಂಗ್‌ಪಾವ್. ಅನುಕೂಲಸ್ಥ ಮನೆಗಳಲ್ಲಿ ಒಂದೇ ಕಟ್ಟಿನ ಅಂಗಿ ನಾಲ್ಕು ಬಗೆಯಲ್ಲಿ ಇರುತ್ತಿತ್ತು: ಒಂಟಿ ಪದರದ್ದು, ಅಸ್ತರದ್ದು, ಹತ್ತಿ ಅಥವಾ ರೇಷ್ಮೆ ಎಳೆ ತುಂಬಿದ್ದು, ಒಳಗೆ ತುಪ್ಪಳು ಹೊಲಿದದ್ದು. ಉತ್ತರ ಚೀನಾದ ಚಳಿಯಲ್ಲಿ ತುಪ್ಪಳು ಒಳಮುಖವಾಗಿಯೇ ಇರುತ್ತಿತ್ತು. ಅಂಚಿನಲ್ಲಿ ಅದರ ಒಂದು ಗೆರೆ ಇಣುಕುವಂತೆ ಬಿಡುವುದೇ ಅಂದಗಾರಿಕೆ.

ಈ ಉಡುಪಿನ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಜಗಳವೂ ಬರುತ್ತದೆ. ಇದು ಚೀನೀಯರದೋ, ಅವರನ್ನು ಗೆದ್ದು ಆಳಿದ ಮಂಚೂಗಳದೋ? ಚೀನಾದ ಬಹುಸಂಖ್ಯಾತರಾದ ಹಾನ್ ಜನಾಂಗದ ಹಳೆಯ ಉಡುಪನ್ನು ಮತ್ತೆ ತೊಡಬೇಕೆಂಬ ಚಳವಳಿ 2003ರಿಂದೀಚೆಗೆ ಬೆಳೆದ ಮೇಲೆ ಈ ಪ್ರಶ್ನೆ ಇನ್ನಷ್ಟು ಕಾವೇರಿದೆ. ಬರೀ ವಾದದಿಂದ ಇದು ಬಗೆಹರಿಯುವುದಿಲ್ಲ. ಅಂಗಿಯನ್ನು ಮೇಜಿನ ಮೇಲೆ ಹರಡಿ, ಹೊಲಿಗೆ ಎಲ್ಲಿದೆ, ಎಲ್ಲಿಲ್ಲ ಎಂದು ನೋಡಿದರೆ ಬಗೆಹರಿಯುತ್ತದೆ. ಅದರ ಒಂದೊಂದು ಭಾಗಕ್ಕೆ ಒಂದೊಂದು ವಯಸ್ಸು, ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಮಂಚೂಗಳಿಗಿಂತ ಹಿಂದಿನ ಸ್ಥಿತಿ. ಮಿಂಗ್ ಕಾಲದಲ್ಲಿ ಓದುಬರಹ ಬಲ್ಲ ಗಂಡಸರು ತೊಡುತ್ತಿದ್ದ ನಿಲುವಂಗಿಗಳಲ್ಲಿ ‘ದಾವ್‌ಪಾವ್’ ಎಂಬುದೊಂದು. ಎಡ ಮಗ್ಗುಲು ಬಲದ ಮೇಲೆ ಬಂದು, ಎದೆಯ ಮೇಲೆ ಕೊರಳಪಟ್ಟಿ ಓರೆಯಾಗಿ ಒಂದರ ಮೇಲೊಂದು ಕೂರುತ್ತದೆ. ಗುಂಡಿಯ ಬದಲು ಕಸೆ. ನಮ್ಮ ಹಳೆಯ ಕಸೆಯಂಗಿ ಕಂಡವರಿಗೆ ಈ ಏರ್ಪಾಡು ತಟ್ಟನೆ ಹೊಳೆಯುತ್ತದೆ. ತೋಳುಗಳು ಅಗಲ, ಕೈ ಇಳಿಬಿಟ್ಟರೆ ಮಂಡಿಯತ್ತ ಜೋಲುವಷ್ಟು. ಇದರಲ್ಲಿ ಭುಜದ ಮೇಲೆ ಹೊಲಿಗೆಯೇ ಇಲ್ಲ. ಬಟ್ಟೆ ಮುಂದಿನಿಂದ ಹೆಗಲ ಮೇಲೆ ಹಾದು ಹಿಂದಕ್ಕೆ ಒಂದೇ ತುಂಡಾಗಿ ಇಳಿಯುತ್ತದೆ. ಹೊಲಿಗೆ ಇರುವುದು ಬೆನ್ನಿನ ನಡುವೆ, ಎದೆಯ ನಡುವೆ ಮತ್ತು ತೋಳು ಉದ್ದವಾಗಲು ಇನ್ನೊಂದು ತುಂಡು ಸೇರಿಸಿದ ಕಡೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮಂಚೂಗಳ ಉಡುಪು ಕುದುರೆ ಸವಾರರದು, ಬಿಲ್ಲುಗಾರರದು. ಕತ್ತು ದುಂಡಗೆ. ಮುಂಭಾಗ ಕೊರಳಿನಿಂದ ಬಲ ಕಂಕುಳಿನವರೆಗೆ ಬಾಗಿ ಹೋಗಿ ಅಲ್ಲಿಂದ ನೇರ ಕೆಳಗಿಳಿಯುತ್ತದೆ, ಗಾಳಿಗೆ ಎದೆ ತೆರೆದುಕೊಳ್ಳುವುದಿಲ್ಲ. ಕಸೆಯ ಬದಲು ಗುಂಡಿ ಮತ್ತು ಕುಣಿಕೆ. ತೋಳು ಕಿರಿದು, ತುದಿಯಲ್ಲಿ ಅಂಗೈ ಹಿಂಭಾಗವನ್ನು ಮುಚ್ಚುವ ಕುದುರೆ ಗೊರಸಿನ ಆಕಾರದ ಮಡಿಕೆ. ಕೆಳಗೆ ಸೀಳು, ತಡಿಯ ಮೇಲೆ ಕೂತಾಗ ಅಂಗಿ ಎರಡು ಕಡೆಗೂ ಇಳಿಯಲಿ ಅಂತ. ಸವಾರಿಗೆಂದೇ ಒಂದು ಬಗೆ ಇತ್ತು, ‘ಛುಏಜಿನ್ ಪಾವ್’. ಅದರ ಬಲ ಮುಂಭಾಗದ ಕೆಳತುದಿ ಒಂದು ಅಡಿಯಷ್ಟು ಗಿಡ್ಡ. ಆ ತುಂಡು ಬೇರೆಯಾಗಿಯೇ ಇರುತ್ತದೆ, ಕುದುರೆ ಇಳಿದ ಮೇಲೆ ಗುಂಡಿ ಹಾಕಿ ಸೇರಿಸಿಕೊಂಡರೆ ಅಂಗಿ ಪೂರ್ತಿ.

ಮಂಚೂ ಅರಸರು ಈ ಉಡುಪನ್ನು ಅಭ್ಯಾಸಬಲದಿಂದ ಉಳಿಸಿಕೊಂಡರು ಎನ್ನುವಂತಿಲ್ಲ, ತಿಳಿದೇ ಉಳಿಸಿಕೊಂಡರು. 1636ರಲ್ಲಿ, ಬೀಜಿಂಗ್ ಇನ್ನೂ ಕೈಗೆ ಬಂದಿರದಾಗ, ಮಂಚೂ ಅರಸ ಹೊಂಗ್ ತೈಜಿ ಶೆನ್‌ಯಾಂಗ್‌ನಲ್ಲಿ ತನ್ನ ಸರದಾರರನ್ನು ಸೇರಿಸಿ ಮಂಚೂಗಳ ಪೂರ್ವಜರು ಹಿಂದೆ ಕಟ್ಟಿದ್ದ ಜಿನ್ ರಾಜವಂಶದ ಚರಿತ್ರೆ ಓದಿಸಿದ. ಹಾನ್ ಜನರ ಅಗಲ ತೋಳಿನ ಅಂಗಿ ತೊಟ್ಟರೆ ಬಿಲ್ಲು ಬಿಡಲಾರೆವು, ಶತ್ರು ನುಗ್ಗಿದರೆ ತಡೆಯಲಾರೆವು, ಜಿನ್ ಅರಸರು ಕೆಟ್ಟದ್ದು ಹೀಗೆಯೇ ಎಂಬುದು ಅವನ ಎಚ್ಚರಿಕೆ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಚಿಯೆನ್‌ಲಾಂಗ್ ಚಕ್ರವರ್ತಿ ಅದನ್ನು ಕಲ್ಲಿನಲ್ಲಿ ಕೆತ್ತಿಸಿದ. 1644ರಲ್ಲಿ ಬೀಜಿಂಗ್ ಅವರ ಕೈಸೇರಿತು. ಮರುವರ್ಷ ರಾಜಪ್ರತಿನಿಧಿ ದೋರ್ಗೊನ್ ಹೊರಡಿಸಿದ ಆಜ್ಞೆಯಂತೆ ಗಂಡಸರು ಮುಂದಲೆ ಬೋಳಿಸಿ ಜಡೆ ಬಿಡಬೇಕಾಯಿತು, ಉಡುಪನ್ನೂ ಬದಲಿಸಬೇಕಾಯಿತು. ಜನ ಸುಮ್ಮನೆ ಒಪ್ಪಲಿಲ್ಲ. ಜಿಯಾಂಗ್‌ಯಿನ್ ಪಟ್ಟಣ 81 ದಿನ ಹೋರಾಡಿ ನಾಶವಾಯಿತು. ಜಿಯಾದಿಂಗ್‌ನಲ್ಲಿ ಮೂರು ಸಲ ಕಗ್ಗೊಲೆ ನಡೆಯಿತು. ಈ ಉಡುಪು ಹರಡಿದ ಬಗೆಯನ್ನು ಹೇಳುವಾಗ ಇದನ್ನು ಹಾರಿಸಿಬಿಡುವುದು ಸತ್ತವರಿಗೆ ಮಾಡುವ ಅನ್ಯಾಯ.

ಆಜ್ಞೆಗೆ ಎಲ್ಲರೂ ಒಳಗಾಗಲಿಲ್ಲ. ಹಾನ್ ಹೆಂಗಸರು ತಮ್ಮ ಕುಪ್ಪಸ, ಲಂಗ ಉಳಿಸಿಕೊಂಡರು. ದಾವೋ ಪುರೋಹಿತರು, ಬೌದ್ಧ ಭಿಕ್ಷುಗಳು, ರಂಗದ ಮೇಲಿನ ನಟರು ಹಳೆಯ ಓರೆ ಕೊರಳಿನ ಅಂಗಿಯಲ್ಲೇ ಮುಂದುವರಿದರು. ಹೆಣಕ್ಕೆ ತೊಡಿಸುವ ಅಂಗಿಯಲ್ಲಿ ಗುಂಡಿ ಹಾಕದೆ ಕಸೆ ಕಟ್ಟುವ ರೂಢಿ ಇವತ್ತಿಗೂ ಇದೆ. ಕಸೆಗೆ ಚೀನೀ ಮಾತಿನಲ್ಲಿ ‘ದಾಯ್‌ಜ಼’ ಎನ್ನುತ್ತಾರೆ, ‘ಮಕ್ಕಳನ್ನು ತರುವುದು’ ಎಂಬ ಅರ್ಥವೂ ಅದೇ ಧ್ವನಿಯಲ್ಲಿ ಕೇಳಿಸುತ್ತದೆ ಎಂಬುದು ಜನ ಹೇಳುವ ಕಾರಣ.

ಚಿಂಗ್ (ಮಂಚೂ ರಾಜವಂಶದ ಹೆಸರು ಇದು) ಆಸ್ಥಾನದ ಉಡುಪಿನ ನಿಯಮಗಳನ್ನು 1759ರಲ್ಲಿ ಚಿತ್ರಸಹಿತ ಗ್ರಂಥವಾಗಿ ಸಿದ್ಧಪಡಿಸಿ 1766ರಲ್ಲಿ ಜಾರಿಗೆ ತಂದರು. ಸೀಳಿಗೂ ದರ್ಜೆ ಇತ್ತು: ಅರಸು ಮನೆತನದವರಿಗೆ ಮುಂದೆ, ಹಿಂದೆ, ಎರಡು ಪಕ್ಕ ಹೀಗೆ ನಾಲ್ಕು, ಅಧಿಕಾರಿಗಳಿಗೆ ಎರಡು, ಸಾಮಾನ್ಯರ ಅಂಗಿಗೆ ಸೀಳೇ ಇಲ್ಲ, ಸುತ್ತಿಕೊಂಡಂತೆ ದುಂಡಗೆ. ಗೊರಸು ತೋಳಿಲ್ಲದ ಸಾದಾ ಅಂಗಿ ತೊಟ್ಟವನಿಗೆ ಇದ್ದಕ್ಕಿದ್ದಂತೆ ಆಚರಣೆಗೆ ಹೋಗಬೇಕಾದರೆ ಬೇರೆಯಾಗಿ ಹೊಲಿದ ಗೊರಸುಗಳನ್ನು ಗುಂಡಿ ಹಾಕಿ ಸೇರಿಸಿಕೊಳ್ಳುವ ಉಪಾಯವೂ ಇತ್ತು. ಆಗಿನ ಅಂಗಿಗೆ ನಿಂತ ಕಾಲರ್ ಇರಲಿಲ್ಲ. ಕಾಲರ್ ಬೇರೆ ತುಂಡು, ಅದನ್ನು ಮೊದಲು ಕತ್ತಿಗೆ ಕಟ್ಟಿಕೊಂಡು ಮೇಲೆ ಅಂಗಿ ತೊಡುತ್ತಿದ್ದರು. ಅಂಗಿಗೇ ಹೊಲಿದ ನಿಂತ ಕಾಲರ್ ರೂಢಿಯಾದದ್ದು ಚಿಂಗ್ ಕಾಲದ ಕೊನೆಯ ಭಾಗದಲ್ಲಿ. ಸಿನಿಮಾಗಳಲ್ಲಿ ಮೊದಲ ಚಿಂಗ್ ಚಕ್ರವರ್ತಿಗಳ ಕಾಲದ ಜನರಿಗೂ ಹೊಲಿದ ಕಾಲರ್ ತೊಡಿಸಿರುವುದು ಕಂಡರೆ ಅದು ತಪ್ಪು.

ನಿಲುವಂಗಿಯ ಮೇಲೆ ತೊಡುವ ಗಿಡ್ಡ ಕೋಟು ‘ಮಾಗ್ವಾ’; ‘ಮಾ’ ಅಂದರೆ ಕುದುರೆ. ಸೈನಿಕರ ಈ ಮೇಲಂಗಿ ಕಾಂಗ್‌ಶಿ ಚಕ್ರವರ್ತಿಯ ಕೊನೆಯ ವರ್ಷಗಳ ಹೊತ್ತಿಗೆ ಊರಿನವರ ಮೈಮೇಲೂ ಬಂತು. ಹಳದಿ ಮಾಗ್ವಾ ಅರಸರು ಕೊಡುವ ಮರ್ಯಾದೆ. ಚಿಂಗ್ ಆಳ್ವಿಕೆಯ ವಿರುದ್ಧ ಎದ್ದ ತೈಪಿಂಗ್ ದಂಗೆ ಅಡಗಿಸಿದ್ದಕ್ಕೆ ಇಂಗ್ಲಿಷ್ ಸೇನಾನಿ ಚಾರ್ಲ್ಸ್ ಗಾರ್ಡನ್‌ಗೂ 1864ರಲ್ಲಿ ಅದು ಸಿಕ್ಕಿತು.

ಈಗ ಕತ್ತರಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಸಾಂಪ್ರದಾಯಿಕ ಚಾಂಗ್‌ಶಾನನ್ನು ಬಿಚ್ಚಿ ಹರಡಿದರೆ ಅದು ಒಂದು ಶಿಲುಬೆಯ ಆಕಾರ. ಅಡ್ಡಗೆರೆ ಎರಡು ತೋಳು ಮತ್ತು ಹೆಗಲು. ನಿಲುವಿನ ಗೆರೆ ಮೈ. ಮುಖ್ಯ ತುಂಡು ಮೂರು. ಒಂದು, ಎಡ ಮೈ: ಎಡ ಮುಂಭಾಗ ಮತ್ತು ಎಡ ಬೆನ್ನು ಹೆಗಲ ಮೇಲೆ ಕತ್ತರಿಸದೆ ಒಂದೇ ಉದ್ದ ಪಟ್ಟಿ. ಎರಡು, ಬಲ ಮೈ: ಬಲ ಬೆನ್ನು, ಅದೇ ಪಟ್ಟಿ ಹೆಗಲು ದಾಟಿ ಮುಂದೆ ಇಳಿದು ಒಳಮಗ್ಗುಲಾಗುತ್ತದೆ. ಇದು ಕಣ್ಣಿಗೆ ಬೀಳದ ಭಾಗವಾದ್ದರಿಂದ ಕೆಳತುದಿಯವರೆಗೆ ಬರಬೇಕಿಲ್ಲ. ಮೂರು, ‘ದಾಜಿನ್’ ಅಂದರೆ ದೊಡ್ಡ ಮಗ್ಗುಲು: ಎಡ ಮುಂಭಾಗಕ್ಕೆ ಎದೆಯ ನಡುವಿನಲ್ಲಿ ಸೇರಿ, ಬಲಕ್ಕೆ ಹೊದ್ದುಕೊಂಡು, ಕೊರಳಿನಿಂದ ಕಂಕುಳಿಗೆ ಬಾಗುವ ತುಂಡು. ಇವುಗಳ ಜೊತೆಗೆ ಎರಡು ತೋಳಿನ ತುದಿಗಳು, ಕಾಲರ್, ಗುಂಡಿಗೆ ಪಟ್ಟಿಗಳು.

ಹೀಗೇಕೆ? ಮಗ್ಗದ ಪನ್ನ ಕಿರಿದು. ಬಟ್ಟೆಯ ಅಗಲ ಅರ್ಧ ಮೈ ಮತ್ತು ತೋಳಿನ ಒಂದು ಪಾಲಿಗೆ ಸಾಲುತ್ತದೆ, ಆಮೇಲೆ ಸೇರಿಸಲೇಬೇಕು. ಬೆನ್ನಿನ ನಡುವಿನ ಹೊಲಿಗೆ, ತೋಳಿನ ಅಡ್ಡ ಹೊಲಿಗೆ ಎರಡೂ ಪನ್ನದ ಅಂಚಿನಲ್ಲೇ ಬೀಳುವುದರಿಂದ ಎಳೆ ಬಿಚ್ಚುವುದಿಲ್ಲ. ಮಿಂಗ್ ದಾವ್‌ಪಾವ್‌ನಲ್ಲಿ ನೋಡಿದ್ದೂ ಇದೇ ಲೆಕ್ಕಾಚಾರ. ಅಂಗಿಯ ಎಲುಬುಗೂಡು ಮಂಚೂಗಳಿಗಿಂತ ಹಳೆಯದು. ಬಾಗಿದ ಮಗ್ಗುಲು, ಗುಂಡಿ, ಸೀಳು, ಕಿರಿದಾದ ತೋಳು ಮಂಚೂಗಳದು. ಹೊಲಿದ ಕಾಲರ್ ಇನ್ನೂ ಈಚಿನದು. ಆಗಲೇ ಹೇಳಿದ ಜಗಳಕ್ಕೆ ಅಂಗಿಯೇ ಕೊಡುವ ಉತ್ತರ ಇದು.

ಅಳತೆಯ ಒಂದು ಉದಾಹರಣೆ. 170 ಸೆಂ.ಮೀ. ಎತ್ತರದ ಗಂಡಸಿಗೆ ಕತ್ತಿನ ಹಿಂಬದಿಯ ಮೂಳೆಯಿಂದ ಅಂಗಿಯ ಕೆಳತುದಿಗೆ ಸುಮಾರು 130 ಸೆಂ.ಮೀ., ಮಡಿಚಲು 4 ಸೆಂ.ಮೀ. ಸೇರಿ 134. ಪನ್ನ 72 ಸೆಂ.ಮೀ. ಇರುವ ರೇಷ್ಮೆಯಾದರೆ ಎಡ ಮೈಗೆ 268, ಬಲ ಮೈಗೆ (ಒಳಮಗ್ಗುಲು ಗಿಡ್ಡ ಮಾಡಿ) 235ರ ಆಸುಪಾಸು, ದಾಜಿನ್‌ಗೆ 134. ಒಟ್ಟು ಆರೂವರೆ ಮೀಟರ್ ಬೇಕು. ತೋಳಿನ ತುದಿ, ಕಾಲರ್, ಗುಂಡಿಪಟ್ಟಿ ಎಲ್ಲ ದಾಜಿನ್ ಪಕ್ಕದ ಉಳಿಕೆಯಲ್ಲಿ ಹೊರಡುತ್ತವೆ. 144 ಸೆಂ.ಮೀ. ಪನ್ನದ ಈಗಿನ ಬಟ್ಟೆಯಾದರೆ 3 ಮೀಟರ್ ಸಾಕು. ಎದೆಸುತ್ತು 96 ಇದ್ದರೆ ಅಂಗಿಯ ಸುತ್ತು 112ರಿಂದ 116. ಒಳಗೆ ಹತ್ತಿ ತುಂಬುವುದಾದರೆ ಇನ್ನೂ ಬಿಡಬೇಕು, ಇಲ್ಲವಾದರೆ ಕಂಕುಳು ಹಿಡಿದು ಕೈ ಏಳುವುದಿಲ್ಲ. ತೋಳನ್ನು ಭುಜದಿಂದ ಅಳೆಯುವುದೇ ಇಲ್ಲ, ಕೈ ಚಾಚಿಸಿ ಒಂದು ಮಣಿಕಟ್ಟಿನಿಂದ ಇನ್ನೊಂದಕ್ಕೆ ಅಳೆಯುತ್ತಾರೆ.

ಮೊದಲ ಕಷ್ಟ ಕೊರಳ ರಂಧ್ರ. ಹೆಗಲಿನ ಮಡಿಕೆ ನೇರ, ಮನುಷ್ಯನ ಕತ್ತು ಮಾತ್ರ ಮುಂದಕ್ಕೆ ಬಾಗಿರುತ್ತದೆ. ಮಡಿಕೆಗೆ ಹಿಂದೆ ಮುಂದೆ ಸಮನಾಗಿ ರಂಧ್ರ ತೆಗೆದರೆ ಅಂಗಿ ಇಡೀ ದಿನ ಹಿಂದಕ್ಕೆ ಜಾರುತ್ತದೆ, ಗಂಟಲು ಒತ್ತುತ್ತದೆ, ಮುಂದಿನ ಕೆಳತುದಿ ಮೇಲೇಳುತ್ತದೆ. ಹಾಗಾಗಿ ಹಿಂದಕ್ಕೆ ಒಂದೆರಡು ಸೆಂ.ಮೀ. ಮಾತ್ರ, ಉಳಿದದ್ದೆಲ್ಲ ಮುಂದಕ್ಕೆ. ಮೊದಲು ಬೇಕಾದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಕಾಲರ್ ಹಿಡಿದು ನೋಡಿ, ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಬೇಕು. ಭುಜದಲ್ಲಿ ಹೊಲಿಗೆ ಇಲ್ಲದ ಅಂಗಿಯಲ್ಲಿ ದೊಡ್ಡದಾದ ರಂಧ್ರವನ್ನು ಕಿರಿದು ಮಾಡಲು ಜಾಗವೇ ಇರುವುದಿಲ್ಲ.

ಎರಡನೆಯದು ದಾಜಿನ್ ಬಾಗು. ಕೊರಳಿನಿಂದ ಕಂಕುಳಿಗೆ ಹೋಗುವಾಗ ಕತ್ತರಿ ಎಳೆಗಳನ್ನು ಓರೆಯಾಗಿ ಕಡಿಯುತ್ತದೆ. ಓರೆ ಅಂಚು ಎಳೆದರೆ ಹಿಗ್ಗುತ್ತದೆ, ಹಿಗ್ಗಿದರೆ ಎದೆಯ ಮೇಲೆ ಬಾಯಿಬಿಡುತ್ತದೆ. ಇದಕ್ಕೆ ಹಳೆಯ ದರ್ಜಿಗಳ ಮದ್ದು ಗೋಧಿ ಹಿಟ್ಟಿನ ಅಂಟು. ನೇರ ಎಳೆಯ ತೆಳು ಪಟ್ಟಿಯೊಂದನ್ನು ಆ ಅಂಚಿನ ಒಳಬದಿಗೆ ಅಂಟಿಸಿ, ಕೊಂಬಿನ ಅಥವಾ ಬಿದಿರಿನ ಅಲಗಿನಿಂದ ಒತ್ತಿ, ಇಸ್ತ್ರಿ ಮಾಡಿ, ಆಮೇಲೆಯೇ ಸೂಜಿ ಹಾಕುತ್ತಾರೆ. ಅಂಟನ್ನು ತೆಳ್ಳಗೆ ಹಚ್ಚಬೇಕು. ಹೆಚ್ಚಾದರೆ ರೇಷ್ಮೆಯ ಮುಖಕ್ಕೆ ಒಸರಿ ಕಲೆಯಾಗುತ್ತದೆ, ಆ ಕಲೆ ಹೋಗುವುದಿಲ್ಲ.

ಅಗಲ ಪನ್ನದ ಬಟ್ಟೆ ಬಂದ ಮೇಲೆ ಹೊಸ ತೊಡಕೊಂದು ಹುಟ್ಟಿತು. ಎದೆಯ ನಡುವಿನ ಹೊಲಿಗೆ ಬೇಡ, ಮುಂಭಾಗ ಒಂದೇ ತುಂಡಾಗಿರಲಿ ಎಂದು ಗಿರಾಕಿ ಕೇಳುತ್ತಾನೆ. ಒಂದೇ ಬಟ್ಟೆಯಲ್ಲಿ ಬಾಗನ್ನು ಕತ್ತರಿಸಿದರೆ ಕತ್ತರಿಯ ಎರಡೂ ಕಡೆ ಅಂಚು ಮಡಿಚಬೇಕು. ಮಡಿಚಿದ ಕೂಡಲೇ ನಡುವೆ ಎರಡು ಸೆಂ.ಮೀ. ಸಂದು. ಒಂದರ ಮೇಲೊಂದು ಕೂರಬೇಕಾದ ಅಂಚುಗಳು ಒಂದನ್ನೊಂದು ಮುಟ್ಟುವುದೂ ಇಲ್ಲ. ದರ್ಜಿಗಳು ಇದಕ್ಕೆ ಕಂಡುಕೊಂಡ ದಾರಿಗೆ ‘ತೌಜಿನ್’ ಎನ್ನುತ್ತಾರೆ, ‘ಕದ್ದ ಮಗ್ಗುಲು’ ಎಂದಂತೆ. ಕತ್ತರಿಸುವ ಮೊದಲೇ ಆ ಜಾಗದಲ್ಲಿ ಬಟ್ಟೆಯನ್ನು ತುಸು ಓರೆಗೆ ಸರಿಸಿ, ಹಬೆ ಮತ್ತು ಇಸ್ತ್ರಿಯಿಂದ ಹಿಗ್ಗಿಸಿ, ಬೇಕಾದಷ್ಟು ಅಂಚನ್ನು ಅಲ್ಲೇ ಹುಟ್ಟಿಸಿಕೊಳ್ಳುತ್ತಾರೆ. ಉಣ್ಣೆ ಮತ್ತು ರೇಷ್ಮೆ ಇದಕ್ಕೆ ಬಗ್ಗುತ್ತವೆ. ಪಾಲಿಯೆಸ್ಟರ್ ಬಗ್ಗುವುದಿಲ್ಲ, ಇಸ್ತ್ರಿ ತೆಗೆದ ಮರುಕ್ಷಣ ಮೊದಲಿನಂತಾಗುತ್ತದೆ. ಪಟ್ಟೆ ಬಟ್ಟೆಯಲ್ಲಿ ಗೆರೆ ವಾಲಿ ಕದ್ದದ್ದು ಬಯಲಾಗುತ್ತದೆ. ಅಂಥ ಬಟ್ಟೆಗೆ ನಡುಹೊಲಿಗೆಯನ್ನೇ ಒಪ್ಪಿಕೊಳ್ಳುವುದು ಮೇಲು.

ಕೆಳತುದಿಯನ್ನು ನೇರ ಗೆರೆಯಲ್ಲಿ ಕತ್ತರಿಸಿದರೆ ಪಕ್ಕದ ಮೂಲೆಗಳು ಜೋಲುತ್ತವೆ, ಏಕೆಂದರೆ ಪಕ್ಕದ ಹೊಲಿಗೆ ಕಂಕುಳಿನಿಂದ ಕೆಳಗೆ ಹೊರಚಾಚುತ್ತ ಬರುತ್ತದೆ, ಓರೆ ಗೆರೆ ಯಾವಾಗಲೂ ಉದ್ದ. ಮೂಲೆಗಳನ್ನು 3ರಿಂದ 5 ಸೆಂ.ಮೀ. ಮೇಲಕ್ಕೆ ಬಾಗಿಸಿ ಕತ್ತರಿಸಿದರೆ ತೊಟ್ಟಾಗ ತುದಿ ನೆಲಕ್ಕೆ ಸಮ ಕಾಣುತ್ತದೆ. ಅಸ್ತರದ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿಗೆ ಹಾಕಿ ಒಣಗಿಸಲೇಬೇಕು. ಒಗೆದ ಮೇಲೆ ಅಸ್ತರ ಕುಗ್ಗಿದರೆ ಹೊರಬಟ್ಟೆಯನ್ನು ಒಳಕ್ಕೆ ಎಳೆದು ಇಡೀ ಅಂಗಿ ಸುಕ್ಕಾಗುತ್ತದೆ, ಬಿಚ್ಚಿ ಹೊಲಿಯದೆ ಬೇರೆ ಪರಿಹಾರವಿಲ್ಲ. ಹತ್ತಿ ತುಂಬಿದ್ದರಲ್ಲಿ ಹೊಲಿಗೆಯ ಕುಚ್ಚುಗಳು ದೂರ ದೂರ ಬಿದ್ದರೆ ಒಂದೇ ಚಳಿಗಾಲದಲ್ಲಿ ಹತ್ತಿ ಕೆಳಗಿಳಿದು ಗಂಟಾಗುತ್ತದೆ. ಅಂಥ ಅಂಗಿಯನ್ನು ಮನೆಗಳಲ್ಲಿ ಬೇಸಿಗೆಗೆ ಬಿಚ್ಚಿ, ಒಗೆದು, ಹತ್ತಿ ಹಿಂಜಿಸಿ ಮತ್ತೆ ಹೊಲಿಯುತ್ತಿದ್ದರು. ತುಂಡುಗಳೆಲ್ಲ ಹೆಚ್ಚುಕಡಿಮೆ ನೇರ ಪಟ್ಟಿಗಳಾದ್ದರಿಂದ ಅದು ಸಾಧ್ಯವಾಗುತ್ತಿತ್ತು.

ಗುಂಡಿ. ಗಂಡಸರ ಅಂಗಿಯಲ್ಲಿ ಹೂವು, ಚಿಟ್ಟೆಯ ಆಕಾರದ ಗುಂಡಿ ಇರುವುದಿಲ್ಲ. ನೇರ ಅಡ್ಡಗೆರೆಯಂಥದು ಮಾತ್ರ, ಅದಕ್ಕೆ ‘ಒಂದು ಎಂಬ ಅಕ್ಷರದ ಗುಂಡಿ’ ಎಂದೇ ಹೆಸರು. ಚೀನೀ ಲಿಪಿಯಲ್ಲಿ ಒಂದು ಅಂದರೆ ಒಂದು ಅಡ್ಡಗೆರೆ ತಾನೆ. ಅಂಗಿಯ ಬಟ್ಟೆಯಲ್ಲೇ 45 ಡಿಗ್ರಿ ಓರೆಯಲ್ಲಿ 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಅಂಚುಗಳನ್ನು ಒಳಕ್ಕೆ ಮಡಿಚಿ, ಒಳಗೆ ಕೆಲವು ಎಳೆ ನೂಲು ಇಟ್ಟು, ಕಣ್ಣಿಗೆ ಕಾಣದ ಹೊಲಿಗೆ ಹಾಕಿ, ಅರ್ಧ ಸೆಂ.ಮೀ.ಗಿಂತ ತೆಳುವಾದ ಹುರಿ ಮಾಡಿಕೊಳ್ಳಬೇಕು. ಒಂದು ಜೋಡಿಗೆ ಸುಮಾರು 35ರಿಂದ 40 ಸೆಂ.ಮೀ. ಹುರಿ ಬೇಕು, ಗಂಟಿನ ಕಡೆಗೆ ಹೆಚ್ಚು, ಕುಣಿಕೆಯ ಕಡೆಗೆ ಕಡಿಮೆ. ಗಂಟು ಹಾಕುವಾಗ ಹುರಿಯ ಹೊಲಿಗೆ ಯಾವಾಗಲೂ ಒಳಮುಖವಾಗಿರಬೇಕು. ಒಮ್ಮೆಲೇ ಬಿಗಿದರೆ ಗಂಟು ಚಪ್ಪಟೆಯಾಗುತ್ತದೆ, ಸುತ್ತಿನಿಂದ ಸುತ್ತಿಗೆ ಸಡಿಲವನ್ನು ಸ್ವಲ್ಪ ಸ್ವಲ್ಪ ಎಳೆದು ತೆಗೆದರೆ ದುಂಡಗೆ ಗಟ್ಟಿಯಾಗುತ್ತದೆ. ನೇರ ಎಳೆಯ ಪಟ್ಟಿಯಲ್ಲಿ ಮಾಡಿದ ಗಂಟು ಮೂಲೆ ಮೂಲೆಯಾಗಿ ಸುಕ್ಕು ಬೀಳುತ್ತದೆ, ಅಗ್ಗದ ಅಂಗಿ ಗುರುತಿಸಲು ಇದು ಸುಲಭ ಗುರುತು. ಕೊರಳಲ್ಲಿ ಒಂದು, ಬಾಗಿನ ಮೇಲೆ ಒಂದು, ಕಂಕುಳ ಕೆಳಗೆ ಒಂದು, ಉಳಿದವು ಪಕ್ಕದಲ್ಲಿ. ತೊಡುವಾಗ ಮೇಲಿನಿಂದ ಕೆಳಗೆ ಹಾಕುತ್ತ ಬರಬೇಕು. ಪಕ್ಕದ್ದನ್ನು ಮೊದಲು ಹಾಕಿದರೆ ಬಾಗು ಎಳೆದುಕೊಳ್ಳುತ್ತದೆ.

ಬಟ್ಟೆಯ ವಿಷಯದಲ್ಲಿ ಎರಡನ್ನು ಹೇಳದೆ ಮುಂದೆ ಹೋಗಲಾರೆ. ದಕ್ಷಿಣದ ಗ್ವಾಂಗ್‌ದೊಂಗ್ ಪ್ರಾಂತ್ಯದ ಶುಂದೆ ಸುತ್ತಮುತ್ತ ತಯಾರಾಗುವ ‘ಶಿಯಾಂಗ್‌ಯುನ್‌ಶಾ’ ರೇಷ್ಮೆ ಬೇಸಿಗೆಯ ಚಾಂಗ್‌ಶಾನಿಗೆ ಹೇಳಿ ಮಾಡಿಸಿದಂಥದು. ಒಂದು ಜಾತಿಯ ಗೆಣಸಿನ ರಸದಲ್ಲಿ ರೇಷ್ಮೆಯನ್ನು ಮತ್ತೆ ಮತ್ತೆ ಅದ್ದಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿ, ಕೊನೆಗೆ ಒಂದು ಮುಖಕ್ಕೆ ನದಿಯ ಕೆಸರು ಬಳಿಯುತ್ತಾರೆ. ಗೆಣಸಿನ ಒಗರು ಕೆಸರಿನ ಕಬ್ಬಿಣದ ಜೊತೆ ಸೇರಿ ಆ ಮುಖ ಹೊಳೆಯುವ ಕಪ್ಪಾಗುತ್ತದೆ, ಹಿಂಬದಿ ಕಂದಾಗಿಯೇ ಉಳಿಯುತ್ತದೆ. ಬೆವರಿಗೆ ಮೈಗೆ ಅಂಟುವುದಿಲ್ಲ. ಇನ್ನೊಂದು ಇದಕ್ಕೆ ಪೂರಾ ವಿರುದ್ಧ, ‘ಯಿನ್‌ದಾನ್‌ಶಿಲಿನ್’ ನೀಲಿ ಹತ್ತಿಬಟ್ಟೆ. ಹೆಸರು ಇಂಡಾಂಥ್ರೀನ್ ಎಂಬುದರ ಚೀನೀ ರೂಪ. ರೆನೆ ಬೋನ್ ಎಂಬ ರಸಾಯನಶಾಸ್ತ್ರಜ್ಞ 1901ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯಲ್ಲಿ ಕಂಡುಹಿಡಿದ ಬಣ್ಣ ಅದು. ಒಗೆದರೂ ಬಿಸಿಲಿಗೆ ಹಾಕಿದರೂ ಮಾಸದು. 1930ರ ದಶಕದ ವಿದ್ಯಾರ್ಥಿಗಳ, ಮೇಷ್ಟ್ರುಗಳ ನೀಲಿ ನಿಲುವಂಗಿ ಬಹುಪಾಲು ಈ ಬಟ್ಟೆಯದು.

ಮತ್ತೆ ಚರಿತ್ರೆಗೆ. ಮಂಚೂ ಆಳ್ವಿಕೆಯನ್ನು ಕೆಡವಿದ 1911ರ ಕ್ರಾಂತಿಯಲ್ಲಿ ಜಡೆ ಹೋಯಿತು, ಅಂಗಿ ಉಳಿಯಿತು. ಎರಡೂ ಮಂಚೂಗಳು ಹೇರಿದ್ದೇ ಆಗಿರುವಾಗ ಹೀಗೇಕಾಯಿತು? ಉತ್ತರದ ದೊಡ್ಡ ಪಾಲು ರೇಷ್ಮೆ ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿದೆ. ಜಡೆ ಕತ್ತರಿಸಿದವರೆಲ್ಲ ಪಾಶ್ಚಾತ್ಯ ಸೂಟಿಗೆ ಹೋದರೆ ಸೂಟಿಗೆ ಬೇಕಾದದ್ದು ಉಣ್ಣೆ, ಉಣ್ಣೆ ಬರಬೇಕಾದದ್ದು ಹೊರದೇಶದಿಂದ. ರೇಷ್ಮೆ ನೇಯುವವರು, ದರ್ಜಿಗಳು, ಟೋಪಿ ಮಾಡುವವರು ಬೀದಿಗೆ ಬೀಳುತ್ತಾರೆ. 1911ರ ಡಿಸೆಂಬರ್‌ನಲ್ಲೇ ಶಾಂಘೈಯ ಕಸುಬುದಾರರ ಸಂಘಗಳು ಸೇರಿ ಸ್ವದೇಶಿ ವಸ್ತುಗಳ ರಕ್ಷಣೆಗೆ ಸಂಸ್ಥೆಯೊಂದನ್ನು ಕಟ್ಟಿ ಸರ್ಕಾರದ ಮೇಲೆ ಒತ್ತಡ ಹಾಕಿದವು. 1912ರ ಅಕ್ಟೋಬರ್‌ನ ಉಡುಪಿನ ಕಾನೂನಿನಲ್ಲಿ ಸೂಟಿನ ಜೊತೆಗೆ ನಿಲುವಂಗಿ ಮತ್ತು ಮಾಗ್ವಾ ಕೂಡ ಮರ್ಯಾದೆಯ ಉಡುಪಾಗಿ ಜಾಗ ಪಡೆದವು. ನಮ್ಮ ಸ್ವದೇಶಿ ಚಳವಳಿಯ ಕಾವು ಬಲ್ಲವರಿಗೆ ಈ ತರ್ಕ ಹೊಸದೇನೂ ಅಲ್ಲ.

1929ರ ಏಪ್ರಿಲ್ 16ರ ನಿಯಮ ಇನ್ನೂ ಖಚಿತ. ಅಂಗಿ ನೀಲಿ, ಬಲಕ್ಕೆ ಮುಚ್ಚುವುದು, ಹರಡಿನಿಂದ ಎರಡು ‘ತ್ಸುನ್’ ಮೇಲಿನವರೆಗೆ, ಗುಂಡಿ 6. ಮಾಗ್ವಾ ಕಪ್ಪು, ನಡುವೆ ತೆರೆಯುವುದು, ಹೊಟ್ಟೆಯವರೆಗೆ, ಗುಂಡಿ 5. ತೋಳು ಮಣಿಕಟ್ಟಿನ ನಾಡಿಯವರೆಗೆ. ರೇಷ್ಮೆ, ನಾರು, ಹತ್ತಿ, ಉಣ್ಣೆ ಯಾವುದಾದರೂ ಸರಿ. ಎರಡು ತ್ಸುನ್ ಅಂದರೆ ಆಗಿನ ಹೊಸ ಮಾರುಕಟ್ಟೆ ಅಳತೆಯಲ್ಲಿ ಆರೂವರೆ ಸೆಂ.ಮೀ.ಗೆ ತುಸು ಮೇಲೆ. ಹಳೆಯ ಫೋಟೋಗಳಲ್ಲಿ ಆಗಿನ ಚೀನಾದ ನಾಯಕ ಚಿಯಾಂಗ್ ಕೈ ಶೇಕ್ ತೊಟ್ಟಿರುವ ಕಪ್ಪು ಮೇಲಂಗಿ, ಉದ್ದ ಅಂಗಿಯ ಜೋಡಿ ಇದೇ.

ಬಳಕೆಯಲ್ಲಿ ಈ ಅಂಗಿ ವರ್ಗದ ಗುರುತಾಯಿತು. ಕಾಲಿನವರೆಗೆ ಇಳಿಯುವ ಅಂಗಿ ತೊಟ್ಟು ಗದ್ದೆ ಉಳಲಾಗದು, ಮೂಟೆ ಹೊರಲಾಗದು. ಕೂಲಿಯವರು ‘ಗಿಡ್ಡಂಗಿಯವರು’. ಲು ಶುನ್ 1919ರಲ್ಲಿ ಪ್ರಕಟಿಸಿದ ಕಥೆಯೊಂದರ ಕೋಂಗ್ ಯೀಜಿ ಎಂಬ ಬಡ ಪಂಡಿತ ಹೆಂಡದಂಗಡಿಯಲ್ಲಿ ಗಿಡ್ಡಂಗಿಯವರ ಜೊತೆ ನಿಂತು ಕುಡಿಯುತ್ತಾನೆ, ಆದರೆ ಕೊಳೆಯಾದ, ಹರಿದ ನಿಲುವಂಗಿಯನ್ನು ಬಿಡಲಾರ. 2023ರಲ್ಲಿ ಓದಿಗೆ ತಕ್ಕ ಕೆಲಸ ಸಿಗದ ಚೀನೀ ಯುವಕರು ‘ಕೋಂಗ್ ಯೀಜಿಯ ನಿಲುವಂಗಿ ಬಿಚ್ಚಲಾಗುತ್ತಿಲ್ಲ’ ಎಂಬರ್ಥದ ಮಾತನ್ನು ಅಂತರ್ಜಾಲದ ತುಂಬ ಹರಡಿದರು. ಆ ಅಂಗಿಯನ್ನು ಅವರಲ್ಲಿ ಹೆಚ್ಚಿನವರು ಮೈಮೇಲೆ ಹಾಕಿಯೇ ಇರಲಾರರು, ಆದರೂ ಮಾತು ಎಲ್ಲರಿಗೂ ತಟ್ಟನೆ ಅರ್ಥವಾಯಿತು.

1920ರ ದಶಕದಲ್ಲಿ ನಗರದ ಹೆಂಗಸರು ಈ ಉದ್ದ ಅಂಗಿಯನ್ನು ತಾವೂ ತೊಟ್ಟರು. ಮೊದಮೊದಲ ಚೀಪಾವ್‌ಗಳು (ಇಂಗ್ಲಿಷಿನವರ ‘ಚೊಂಗ್‌ಸಾಮ್’ ಇದೇ) ಇದರಂತೆಯೇ ಸಡಿಲ, ನೇರ. ಸೊಂಟ ಹಿಡಿಯುವುದು, ಮೈಗೆ ಕೂರುವಂತೆ ಡಾರ್ಟ್ (ಮಡಿಚಿ ಹೊಲಿದ ಗೆರೆ) ಹಾಕುವುದು, ತೋಳು ಬೇರೆಯಾಗಿ ಕೂರಿಸುವುದು ಎಲ್ಲ ಆಮೇಲಿನ ಮಾತು. ಹೆಂಗಸರ ಉಡುಪು ಜಗತ್ತಿನಾದ್ಯಂತ ಹೆಸರಾಗಿ, ತಾನು ಹುಟ್ಟಿದ ಅಂಗಿಯ ಹೆಸರನ್ನೂ ತೆಗೆದುಕೊಂಡಿತು. 1924ರಲ್ಲಿ ರವೀಂದ್ರನಾಥ ಟಾಗೋರರು ಚೀನಾಕ್ಕೆ ಹೋದಾಗ ಅವರ ಮಾತನ್ನು ಅನುವಾದಿಸುತ್ತಿದ್ದ ಕವಿ ಶೂ ಜ಼ಿಮೋ ನಿಲುವಂಗಿಯಲ್ಲಿ ಅವರ ಪಕ್ಕ ನಿಂತ ಫೋಟೋ ಇದೆ. ಎರಡು ನಾಡಿನ ಎರಡು ಉದ್ದ ಅಂಗಿಗಳನ್ನು ಒಟ್ಟಿಗೆ ನೋಡಬೇಕೆನ್ನುವವರು ಅದನ್ನು ಹುಡುಕಿ ನೋಡಿ.

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಮುಖ್ಯಭೂಮಿಯಲ್ಲಿ ನಿಲುವಂಗಿ ಬೇಗ ಮರೆಯಾಯಿತು. ಅದು ಕೈಕೆಲಸ ಮಾಡದವನ ಉಡುಪು ಎನಿಸಿತ್ತು. 1966ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದೂ ಅಪಾಯ. ಹಾಂಗ್‌ಕಾಂಗ್ ಮತ್ತು ತೈವಾನ್‌ನಲ್ಲಿ ಉಳಿಯಿತು. ಮುಖ್ಯಭೂಮಿಯಲ್ಲಿ ಉಳಿಸಿಕೊಂಡವರು ಹಾಸ್ಯ ಸಂವಾದದ ‘ಶಿಯಾಂಗ್‌ಶೆಂಗ್’ ಕಲಾವಿದರು, ಅವರ ಮಾತಿನಲ್ಲಿ ಅದು ‘ದಾಗ್ವಾ’. 2001ರಲ್ಲಿ ಶಾಂಘೈಯಲ್ಲಿ ನಡೆದ ಎಪೆಕ್ (ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಸಹಕಾರ ಕೂಟ) ಸಭೆಯಲ್ಲಿ ದೇಶದೇಶದ ನಾಯಕರು ತೊಟ್ಟ ರೇಷ್ಮೆ ಮೇಲಂಗಿಗಳು ಮಾಗ್ವಾದ ನೆನಪಿನಲ್ಲೇ ಮಾಡಿದ್ದು, ಆದರೆ ಅವುಗಳ ಭುಜ, ತೋಳು ಪಾಶ್ಚಾತ್ಯ ಕೋಟಿನವು. ಹಾಂಗ್‌ಕಾಂಗ್‌ನ ಚಾಂಗ್‌ಶಾನ್ ಹೊಲಿಗೆಯ ಕೌಶಲ 2021ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಕೊನೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳು. ಕಂಕುಳಲ್ಲಿ ಅಷ್ಟೊಂದು ಸುಕ್ಕು ಬೀಳುತ್ತದಲ್ಲ, ಅದು ದೋಷವಲ್ಲವೇ? ಅಲ್ಲ. ತೋಳು ಅಡ್ಡಕ್ಕೆ ಚಾಚಿದಂತೆ ಕತ್ತರಿಸಿದ್ದರಿಂದ ಕೈ ಇಳಿಸಿದಾಗ ಹೆಚ್ಚಿನ ಬಟ್ಟೆ ಅಲ್ಲಿ ಮಡಿಕೆಯಾಗಲೇಬೇಕು, ಕೈ ಎತ್ತಿದಾಗ ಕೆಲಸಕ್ಕೆ ಬರುವುದು ಅದೇ ಬಟ್ಟೆ. ಆ ಸುಕ್ಕು ತೆಗೆಯಲು ಭುಜ ಕತ್ತರಿಸಿ ತೋಳು ಕೂರಿಸಿದರೆ ಕೈ ಎತ್ತಿದ ಕೂಡಲೇ ಇಡೀ ಅಂಗಿ ಮೇಲೇರುತ್ತದೆ. ಕೊಳ್ಳುವಾಗ ಒಳಬದಿ ತಿರುಗಿಸಿ ನೋಡಿ: ಭುಜದ ಮೇಲೆ ಹೊಲಿಗೆ ಇದ್ದರೆ ಅದು ಚಾಂಗ್‌ಶಾನಿನ ವೇಷದ ಕೋಟು, ನನ್ನ ಮಟ್ಟಿಗೆ ಅದನ್ನು ಚಾಂಗ್‌ಶಾನ್ ಎನ್ನಲಾರೆ.

ಎರಡನೆಯದು, ಇಟ್ಟುಕೊಳ್ಳುವುದು ಹೇಗೆ? ಹ್ಯಾಂಗರ್ ಬೇಡ. ಹೊಲಿಗೆಯ ಆಸರೆ ಇಲ್ಲದ ಹೆಗಲಿನಲ್ಲಿ ಹ್ಯಾಂಗರಿನ ತುದಿ ಉಬ್ಬಾಗಿ ಉಳಿದುಬಿಡುತ್ತದೆ. ಗುಂಡಿ ಹಾಕಿ, ಮುಖ ಮೇಲಾಗಿ ಮಲಗಿಸಿ, ತೋಳುಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಮಡಿಚಿ, ಗಂಟುಗುಂಡಿ ರೇಷ್ಮೆಗೆ ಅಚ್ಚೊತ್ತದಂತೆ ನಡುವೆ ತೆಳು ಕಾಗದವಿಟ್ಟು, ಮೈಯನ್ನು ಕೆಳಗಿನಿಂದ ಮೂರು ಮಡಿಕೆ ಮಾಡಿ. ಕೆಲವು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆಯ ಗೆರೆಯನ್ನು ಒಂದು ಬೆರಳಿನಷ್ಟು ಆಚೀಚೆ ಬದಲಿಸಿ. ರೇಷ್ಮೆ ಮೊದಲು ಸವೆಯುವುದು ಮಡಿಕೆಯಲ್ಲೇ.